ಹಂದಿಯ ರಕ್ತದ ಕೊಬ್ಬು: ಆಹಾರಕ್ಕೆ ಬೆರೆಸುವ ಪುಡಿಗಳು ಒಳಗೆ ಹೋಗಿ ಏನು ಮಾಡುತ್ತವೆ?

ಒಂದೇ ಹಂದಿಯಿಂದ ಒಂದೇ ದಿನ ಎರಡು ಸಲ ರಕ್ತ ತೆಗೆದಿದ್ದಾರೆ ಅಂದುಕೊಳ್ಳಿ. ಮೊದಲ ಸಲ ಬೆಳಿಗ್ಗೆ, ರಾತ್ರಿಯೆಲ್ಲ ಹೊಟ್ಟೆ ಖಾಲಿ ಇದ್ದಾಗ. ಎರಡನೇ ಸಲ, ಎಣ್ಣೆ ಜಾಸ್ತಿ ಬೆರೆಸಿದ ಆಹಾರ ತಿಂದು ಮೂರು ಗಂಟೆ ಕಳೆದ ಮೇಲೆ. ಎರಡೂ ನಳಿಕೆಗಳನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕೆಂಪು ಭಾಗ ತಳಕ್ಕೆ ಇಳಿಯುತ್ತದೆ, ತಿಳಿ ಭಾಗ ಮೇಲೆ ನಿಲ್ಲುತ್ತದೆ. ಬೆಳಗಿನ ನಳಿಕೆಯಲ್ಲಿ ಅದು ಒಣಹುಲ್ಲಿನ ಬಣ್ಣದ್ದು. ಹಿಂದೆ ಬೆರಳಿಟ್ಟರೆ ಕಾಣಿಸುತ್ತದೆ. ಎರಡನೆಯದು ನೀರು ಬೆರೆಸಿದ ಹಾಲಿನ ಹಾಗೆ ಮಬ್ಬು. ಬೆರಳು ಕಾಣುವುದಿಲ್ಲ.

ಹಂದಿ ಅದೇ. ಅದಕ್ಕೆ ಕಾಯಿಲೆಯೂ ಇಲ್ಲ. ಆ ಬಿಳುಪು ಈಗಷ್ಟೇ ತಿಂದ ಎಣ್ಣೆ, ರಕ್ತದ ದಾರಿಯಲ್ಲಿ ಸಾಗುತ್ತಿದೆ ಅಷ್ಟೆ.

ಈ ಎರಡು ನಳಿಕೆಗಳನ್ನು ನೆನಪಿಟ್ಟುಕೊಳ್ಳಿ. ಹಂದಿ ಸಾಕುವವರಿಗೆ ಇವತ್ತು 'ಕೊಬ್ಬು ಇಳಿಸುವ, ಮಾಂಸ ಹೆಚ್ಚಿಸುವ' ಪೂರಕಗಳು ಬೇಕಾದಷ್ಟು ಸಿಗುತ್ತವೆ. ಅತ್ತ ಹಂದಿಗೂ ತಮಗೂ ಸಂಬಂಧವೇ ಇಲ್ಲ ಅಂದುಕೊಂಡವರು ಕೂಡ 'ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ಇಳಿಯಿತು' ಅಂತ ಸುದ್ದಿ ಓದಿ ಮಾತ್ರೆ ಕೊಳ್ಳಲು ಹೊರಡುತ್ತಾರೆ. ಇಬ್ಬರಿಗೂ ಬೇಕಾದ ಮೂಲ ವಿಷಯ ಒಂದೇ.

ಎಣ್ಣೆ ನೀರಿನಲ್ಲಿ ಓಡಾಡುವುದು ಹೇಗೆ?

ರಕ್ತದ ಬಹುಪಾಲು ನೀರು. ಕೊಬ್ಬು ನೀರಿನಲ್ಲಿ ಬೆರೆಯುವುದಿಲ್ಲ, ಸುಮ್ನೆ ತೇಲುತ್ತದೆ. ಅದಕ್ಕೇ ದೇಹ ಕೊಬ್ಬನ್ನು ಪ್ರೋಟೀನಿನ ಹೊದಿಕೆ ಇರುವ ಸಣ್ಣ ಉಂಡೆಗಳಲ್ಲಿ ತುಂಬಿ ಕಳಿಸುತ್ತದೆ. ಇವನ್ನು ಲಾರಿಗಳು ಅನ್ನೋಣ. ಕರುಳಿನಿಂದ ಹೊರಡುವ ದೊಡ್ಡ ಲಾರಿಗಳು ಊಟದ ಕೊಬ್ಬನ್ನು ಹೊರುತ್ತವೆ. ನಳಿಕೆಯನ್ನು ಬೆಳ್ಳಗೆ ಮಾಡಿದ್ದು ಇವೇ. ಪಿತ್ತಜನಕಾಂಗ, ಅಂದರೆ ಲಿವರ್, ತನ್ನ ಸರಕನ್ನು ಬೇರೆ ಲಾರಿಗಳಲ್ಲಿ ಹೊರಡಿಸುತ್ತದೆ. ಅವು ದಾರಿಯುದ್ದಕ್ಕೂ ಸರಕು ಇಳಿಸುತ್ತಾ ಹೋಗಿ, ಕೊನೆಗೆ ಕೊಲೆಸ್ಟ್ರಾಲ್ ತುಂಬಿದ ಎಲ್‌ಡಿಎಲ್ ಆಗಿ ಉಳಿಯುತ್ತವೆ. ಮಿಕ್ಕ ಕೊಲೆಸ್ಟ್ರಾಲನ್ನು ವಾಪಸ್ ತರುವ ಕೆಲಸ ಎಚ್‌ಡಿಎಲ್‌ನದು.

ಸರಕು ಮುಖ್ಯವಾಗಿ ಎರಡು ಬಗೆ. ಟ್ರೈಗ್ಲಿಸರೈಡ್ ಅಂದರೆ ಉರುವಲು. ಉರಿಸಬಹುದು, ಕೂಡಿಡಬಹುದು. ಕೊಲೆಸ್ಟ್ರಾಲ್ ಉರಿಯುವುದಿಲ್ಲ. ಅದು ಜೀವಕೋಶದ ಪೊರೆಗೆ, ಹಾರ್ಮೋನುಗಳಿಗೆ, ಪಿತ್ತರಸಕ್ಕೆ ಬೇಕಾದ ಕಚ್ಚಾವಸ್ತು. ಇನ್ನು ಚಯಾಪಚಯ ಎಂಬ ದೊಡ್ಡ ಪದ. ತಿಂದದ್ದನ್ನು ಒಡೆದು, ಉರಿಸಿ, ಕಟ್ಟಿ, ಕೂಡಿಡುವ ಕೆಲಸಕ್ಕೆಲ್ಲ ಒಟ್ಟಾಗಿ ಇಟ್ಟ ಹೆಸರು ಅದು.

ಒಂದು ಸ್ವಾರಸ್ಯ ಹೇಳಬೇಕು. ಜೋಳ, ಸೋಯಾ ಹಿಂಡಿ ತಿನ್ನುವ ಹಂದಿಯ ಆಹಾರದಲ್ಲಿ ಕೊಲೆಸ್ಟ್ರಾಲ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಗಿಡಗಳು ಅದನ್ನು ಲೆಕ್ಕಕ್ಕೆ ಬರುವಷ್ಟು ತಯಾರಿಸುವುದಿಲ್ಲ. ಆದರೂ ಅದರ ರಕ್ತದಲ್ಲಿ 100 ಮಿಲಿಲೀಟರಿಗೆ ಸುಮಾರು 100 ಮಿಲಿಗ್ರಾಂ ಆಸುಪಾಸು ಕೊಲೆಸ್ಟ್ರಾಲ್ ಇರುತ್ತದೆ. ಎಲ್ಲವೂ ಮನೆಯಲ್ಲೇ ಮಾಡಿದ್ದು! ಹೊರಗಿನಿಂದ ಜಾಸ್ತಿ ಬಂದರೆ ಲಿವರ್ ತನ್ನ ತಯಾರಿಕೆ ತಗ್ಗಿಸುತ್ತದೆ. ಹಾಗಾಗಿ ಪ್ರಯೋಗಕ್ಕೆಂದು ಹಂದಿಯ ಕೊಲೆಸ್ಟ್ರಾಲ್ ಏರಿಸುವುದಕ್ಕೂ ಸಾಕಷ್ಟು ಕಸರತ್ತು ಬೇಕು. ಆಹಾರಕ್ಕೆ ಪ್ರಾಣಿ ಕೊಬ್ಬು, ಶುದ್ಧ ಕೊಲೆಸ್ಟ್ರಾಲ್ ಪುಡಿ, ಕೆಲವೊಮ್ಮೆ ಪಿತ್ತದ ಲವಣವನ್ನೂ ಬೆರೆಸುತ್ತಾರೆ.

ಇಲಿ ಬಿಟ್ಟು ಹಂದಿಯೇ ಯಾಕೆ?

ಇಲಿಯ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವುದು ಬಹುತೇಕ ಎಚ್‌ಡಿಎಲ್. ಮನುಷ್ಯರಲ್ಲಿ ಮುಖ್ಯ ಲಾರಿ ಎಲ್‌ಡಿಎಲ್. ಹಂದಿಯಲ್ಲೂ ಹಾಗೇ. ಹಂದಿಗೆ ನಮ್ಮ ಹಾಗೆ ಒಂದೇ ಕೋಣೆಯ ಹೊಟ್ಟೆ, ಸೊಪ್ಪು ಮಾಂಸ ಎರಡನ್ನೂ ತಿನ್ನುವ ಅಭ್ಯಾಸ. ಅದರ ಹೃದಯದ ರಕ್ತನಾಳಗಳಲ್ಲೂ ನಮ್ಮ ಹಾಗೇ ಕೊಬ್ಬು ಕಟ್ಟಿಕೊಳ್ಳುತ್ತದೆ. 1986ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ವಿಶೇಷ ಹಂದಿ ವಂಶದ ಬಗ್ಗೆ ವರದಿ ಮಾಡಿದರು. ಕೊಲೆಸ್ಟ್ರಾಲ್ ಇಲ್ಲದ, ಕೊಬ್ಬು ಕಡಿಮೆ ಇರುವ ಆಹಾರ ಕೊಟ್ಟರೂ ಅವುಗಳ ಎಲ್‌ಡಿಎಲ್ ಏರಿಯೇ ಇರುತ್ತಿತ್ತು, ರಕ್ತನಾಳಗಳು ಕಟ್ಟುತ್ತಿದ್ದವು. ಎಲ್‌ಡಿಎಲ್ ಅನ್ನು ಬರಮಾಡಿಕೊಳ್ಳುವ ಜೀವಕೋಶದ ಬಾಗಿಲಿನಲ್ಲೇ ವಂಶಪಾರಂಪರ್ಯ ದೋಷ ಇದೆ ಎಂದು ಮುಂದೆ ಗೊತ್ತಾಯಿತು. ಮನುಷ್ಯರ ಕೆಲವು ಕುಟುಂಬಗಳಲ್ಲೂ ಇಂಥದ್ದೇ ದೋಷ ಇರುತ್ತದೆ.

ಅಮೆರಿಕದ ಜಾರ್ಜಿಯಾ ಕರಾವಳಿಯ ಆಸಬಾ ದ್ವೀಪದ ಹಂದಿಗಳದ್ದು ಇನ್ನೊಂದು ಕತೆ. ತಲೆಮಾರುಗಟ್ಟಲೆ ಅರೆಹೊಟ್ಟೆಯ ತಿಂಗಳುಗಳನ್ನು ಕಂಡ ಜಾತಿ ಅದು. ಸಿಕ್ಕಾಗ ತಿಂದು ಕೊಬ್ಬು ಕೂಡಿಡುವುದರಲ್ಲಿ ಪಳಗಿದೆ. ಇವನ್ನು ತಂದು ಹೊಟ್ಟೆ ತುಂಬ ತಿನ್ನಿಸಿದರೆ ಬೊಜ್ಜು ಬರುತ್ತದೆ, ಇನ್ಸುಲಿನ್ ಕೆಲಸ ಮಾಡದಾಗುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ. ಮಧುಮೇಹದ ಹೊಸ್ತಿಲಲ್ಲಿ ನಿಂತ ಮನುಷ್ಯನ ರಕ್ತ ವರದಿಯ ತದ್ರೂಪು.

ಆದರೆ ಹಂದಿ ಪೂರ್ತಿ ನಮ್ಮಂತಲ್ಲ. ದೊಡ್ಡ ವ್ಯತ್ಯಾಸ ಇದು: ಮನುಷ್ಯರಲ್ಲಿ ಸಕ್ಕರೆಯಿಂದ ಹೊಸ ಕೊಬ್ಬು ತಯಾರಾಗುವುದು ಮುಖ್ಯವಾಗಿ ಲಿವರಿನಲ್ಲಿ. ಹಂದಿಯಲ್ಲಿ ಆ ಕೆಲಸ ಕೊಬ್ಬಿನ ಅಂಗಾಂಶದಲ್ಲೇ, ಅಂದರೆ ಚರ್ಮದ ಕೆಳಗಿನ ಪದರದಲ್ಲೇ ನಡೆಯುತ್ತದೆ. ಕಾರ್ಖಾನೆ, ಗೋದಾಮು ಎರಡೂ ಒಂದೇ ಕಟ್ಟಡದಲ್ಲಿ. ಸರಕು ಅಲ್ಲೇ ತಯಾರಾಗಿ ಅಲ್ಲೇ ಕೂರುವುದರಿಂದ, ರಕ್ತದ ರಸ್ತೆಯಲ್ಲಿ ಅಷ್ಟಾಗಿ ಕಾಣಿಸದೆಯೇ ಹಂದಿ ದಪ್ಪಗಾಗಬಹುದು.

ಇನ್ನೊಂದು ವಿಚಿತ್ರ. ಕೊಬ್ಬನ್ನು ಸುಮ್ನೆ ಶಾಖ ಮಾಡಿ ಉರಿಸಲು ಬೇಕಾದ ಒಂದು ಜೀನ್ ಹಂದಿಯ ವಂಶದಲ್ಲಿ ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆ. ಮನುಷ್ಯರ ಕೂಸು ಹುಟ್ಟುವಾಗ ಮೈಯ ತೂಕದ ಶೇ. 15ರಷ್ಟು ಕೊಬ್ಬು ಹೊತ್ತು ಬಂದರೆ ಹಂದಿಮರಿಯಲ್ಲಿ ಇರುವುದು ಶೇ. 1ರಿಂದ 2 ಮಾತ್ರ. ಅದಕ್ಕೇ ಮರಿಗಳು ಹುಟ್ಟಿದ ಕೂಡಲೇ ಗಡಗಡ ನಡುಗುತ್ತಾ ಒಂದರ ಮೇಲೊಂದು ಬಿದ್ದುಕೊಳ್ಳುವುದು. ಮುಂದೆ ಕೊಬ್ಬಿನ ಗುಡ್ಡ ಆಗುವ ಪ್ರಾಣಿ ಶುರುವಾಗುವುದು ಹೀಗೆ!

ಕರುಳಿನಲ್ಲೇ ಹಿಡಿದು ನಿಲ್ಲಿಸುವವು

ಪೂರಕಗಳ ಹೆಸರು ನೂರಾರು. ಹೆಸರಿನ ಬದಲು ಅವು ಎಲ್ಲಿ ಕೆಲಸ ಮಾಡುತ್ತವೆ ಅಂತ ನೋಡಿದರೆ ಗೊಂದಲ ಕಡಿಮೆ. ಮೊದಲನೆಯ ಜಾಗ ಕರುಳು.

ಪಿತ್ತರಸ ಕೊಬ್ಬಿನ ಪಾಲಿಗೆ ಸೋಪಿದ್ದ ಹಾಗೆ. ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆದು, ಕರುಳು ಹೀರಿಕೊಳ್ಳುವ ಹಾಗೆ ಮಾಡುತ್ತದೆ. ಅದನ್ನು ಲಿವರ್ ತಯಾರಿಸುವುದು ಕೊಲೆಸ್ಟ್ರಾಲ್‌ನಿಂದ. ಕೆಲಸ ಮುಗಿದ ಮೇಲೆ ಪಿತ್ತದ ಬಹುಭಾಗವನ್ನು ಕರುಳಿನ ಕೊನೆಯಲ್ಲಿ ಹೀರಿ ವಾಪಸ್ ಲಿವರಿಗೇ ಕಳಿಸಲಾಗುತ್ತದೆ. ದೇಹ ಅಷ್ಟು ಜಿಪುಣ. ಓಟ್ಸ್, ಬಾರ್ಲಿಯಲ್ಲಿರುವ ಅಂಟುಅಂಟಾದ ನಾರು ಈ ವಾಪಸಾತಿಗೆ ಅಡ್ಡ ಬರುತ್ತದೆ. ಪಿತ್ತ ಆ ಅಂಟಿನಲ್ಲಿ ಸಿಕ್ಕಿಕೊಂಡು ಸಗಣಿಯ ಜೊತೆ ಹೊರಗೆ ಹೋಗುತ್ತದೆ. ಲಿವರ್ ಮತ್ತೆ ಪಿತ್ತ ಮಾಡಲೇಬೇಕು. ಅದಕ್ಕೆ ಬೇಕಾದ ಕೊಲೆಸ್ಟ್ರಾಲನ್ನು ರಕ್ತದಲ್ಲಿರುವ ಎಲ್‌ಡಿಎಲ್ ಲಾರಿಗಳಿಂದ ಎಳೆದುಕೊಳ್ಳುತ್ತದೆ. ರಕ್ತದ ಅಂಕಿ ಇಳಿಯುವುದು ಹೀಗೆ. ನಾರು ಕೊಲೆಸ್ಟ್ರಾಲನ್ನು 'ಕರಗಿಸುವುದಿಲ್ಲ', ಖರ್ಚು ಮಾಡಿಸುತ್ತದೆ.

ಗಿಡಗಳ ಸ್ಟೆರಾಲ್‌ಗಳದ್ದು ಇನ್ನೂ ಸರಳ. ಅವು ನೋಡಲು ಕೊಲೆಸ್ಟ್ರಾಲಿನ ಅವಳಿಯಂತೆ ಇರುತ್ತವೆ. ಒಳಗೆ ಹೋಗುವ ಬಸ್ಸಿನಲ್ಲಿ ಸೀಟು ಹಿಡಿದು ಕೂರುತ್ತವೆ. ನಿಜವಾದ ಕೊಲೆಸ್ಟ್ರಾಲಿಗೆ ಜಾಗ ಸಿಗುವುದಿಲ್ಲ.

ಒಳ್ಳೆಯ ಬ್ಯಾಕ್ಟೀರಿಯಾಗಳ ಬಗ್ಗೆ ಸ್ವಲ್ಪ ನಿಲ್ಲಬೇಕು. ಇಲ್ಲಿ ಜಾಹೀರಾತಿನ ಮಾತು ಜಾಸ್ತಿ ಕೇಳಿಬರುತ್ತದೆ. 1985ರಲ್ಲಿ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದವರು ಹಂದಿಗಳಿಗೆ ಕೊಲೆಸ್ಟ್ರಾಲ್ ಜಾಸ್ತಿ ಇರುವ ಆಹಾರ ಕೊಟ್ಟು, ಜೊತೆಗೆ ಲ್ಯಾಕ್ಟೋಬ್ಯಾಸಿಲಸ್ ಆಸಿಡೋಫಿಲಸ್ ಕೊಟ್ಟರು. ಒಂದು ಗುಂಪಿಗೆ ಆರ್‌ಪಿ32 ಎಂಬ ತಳಿ. ಇನ್ನೊಂದಕ್ಕೆ ಪಿ47. ಎರಡೂ ಪಿತ್ತರಸದ ನಡುವೆ ಬದುಕಬಲ್ಲವು. ವ್ಯತ್ಯಾಸ ಒಂದೇ: ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಆರ್‌ಪಿ32 ಕೊಲೆಸ್ಟ್ರಾಲನ್ನು ಹೀರಿಕೊಳ್ಳುತ್ತಿತ್ತು, ಪಿ47 ಹೀರಿಕೊಳ್ಳುತ್ತಿರಲಿಲ್ಲ. ಹಂದಿಗಳಲ್ಲೂ ಅದೇ ಆಯಿತು. ಆರ್‌ಪಿ32 ತಿಂದವುಗಳ ಕೊಲೆಸ್ಟ್ರಾಲ್ ಏರಿಕೆಗೆ ಕಡಿವಾಣ ಬಿತ್ತು, ಪಿ47 ತಿಂದವುಗಳಲ್ಲಿ ಬೀಳಲಿಲ್ಲ. ಒಂದೇ ಜಾತಿ, ಒಂದೇ ಹೆಸರು, ಎರಡು ಫಲ. ಪ್ಯಾಕೆಟ್ ಮೇಲೆ ಬರೀ 'ಲ್ಯಾಕ್ಟೋಬ್ಯಾಸಿಲಸ್ ಇದೆ' ಅಂತ ಬರೆದರೆ ಏನೂ ಹೇಳಿದ ಹಾಗಾಗುವುದಿಲ್ಲ ಅಲ್ವಾ?

ಗೋದಾಮಿನ ಬಾಗಿಲಲ್ಲಿ ಕೂತವು

ಎರಡನೆಯ ಗುಂಪು ರಕ್ತಕ್ಕೆ ಸೇರಿದ ಮೇಲೆ ಕೆಲಸ ಶುರು ಮಾಡುತ್ತದೆ. ಉರುವಲನ್ನು ಉರಿಸಬೇಕೋ, ಕೂಡಿಡಬೇಕೋ ಎಂಬ ತೀರ್ಮಾನದಲ್ಲಿ ಕೈ ಆಡಿಸುತ್ತದೆ.

ಎಲ್-ಕಾರ್ನಿಟಿನ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. 1905ರಲ್ಲಿ ಮಾಂಸದ ಸಾರದಲ್ಲಿ ಸಿಕ್ಕಿತು, ಮಾಂಸ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಹೆಸರು ಬಂತು. ಜೀವಕೋಶದ ಒಲೆಗೆ ಮೈಟೊಕಾಂಡ್ರಿಯ ಅನ್ನುತ್ತಾರೆ. ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ತಾವಾಗಿ ಆ ಒಲೆಯ ಒಳಗೆ ಹೋಗಲಾರವು. ಕಾರ್ನಿಟಿನ್ ಅವನ್ನು ದಾಟಿಸುವ ದೋಣಿ. ದೋಣಿ ಜಾಸ್ತಿ ಇದ್ದರೆ ಕೊಬ್ಬೂ ಜಾಸ್ತಿ ಉರಿಯುತ್ತದೆ ಅನ್ನುವುದು ತರ್ಕ. ಕೇಳಲು ಚೆನ್ನಾಗಿದೆ. ಆದರೆ ಆರೋಗ್ಯವಂತ ಹಂದಿ ಲೈಸಿನ್, ಮೆಥಿಯೊನಿನ್ ಎಂಬ ಅಮೈನೋ ಆಮ್ಲಗಳಿಂದ ತನಗೆ ಬೇಕಾದ ಕಾರ್ನಿಟಿನ್ ತಾನೇ ಮಾಡಿಕೊಳ್ಳುತ್ತದೆ. ದಡದಲ್ಲಿ ದೋಣಿಗಳು ಸಾಲುಗಟ್ಟಿ ನಿಂತಿರುವಾಗ ಇನ್ನೆರಡು ತಂದು ಕಟ್ಟಿದರೆ ದಾಟುವವರ ಸಂಖ್ಯೆ ಏರುವುದಿಲ್ಲ. ಸ್ವಂತ ತಯಾರಿಕೆ ಇನ್ನೂ ಕುದುರದ ಮರಿಗಳಲ್ಲಿ, ಗಬ್ಬದ ಹಂದಿಗಳಲ್ಲಿ ಲೆಕ್ಕ ಬೇರೆಯಾಗಬಹುದು.

ಬೀಟೈನ್ ಸಕ್ಕರೆ ಬೀಟ್‌ನಿಂದ ಸಿಗುವ ವಸ್ತು. ಬೆನ್ನಿನ ಕೊಬ್ಬು ಇಳಿಯಿತು ಅನ್ನುವ ವರದಿಗಳಿವೆ, ಏನೂ ಆಗಲಿಲ್ಲ ಅನ್ನುವ ವರದಿಗಳೂ ಇವೆ. ಕ್ರೋಮಿಯಂ ಇನ್ಸುಲಿನ್ ಮಾತಿಗೆ ಜೀವಕೋಶ ಬೇಗ ಓಗೊಡುವಂತೆ ಮಾಡುತ್ತದೆ ಎಂಬ ನಂಬಿಕೆಯಿಂದ ಬಳಕೆಗೆ ಬಂತು. ಶುರುವಿನ ಫಲಿತಾಂಶಗಳಲ್ಲಿ ಮಾಂಸ ಹೆಚ್ಚಿ ಕೊಬ್ಬು ಇಳಿದದ್ದು ಕಂಡಿತು. ಆಮೇಲಿನವು ಒಂದೊಂದು ದಿಕ್ಕಿಗೆ ಹೋದವು.

ಒಂದು ಪ್ರಯೋಗ, ಹತ್ತಿರದಿಂದ

ಆರ್ಜಿನಿನ್ ಎಂಬ ಅಮೈನೋ ಆಮ್ಲದ ಪ್ರಯೋಗ ನನಗೆ ಇಷ್ಟ. ಫಲಿತಾಂಶಕ್ಕಿಂತ ಅದನ್ನು ಹೂಡಿದ ರೀತಿ ಇಷ್ಟ. 2009ರಲ್ಲಿ ಪ್ರಕಟವಾದದ್ದು. 110 ದಿನದ, ಬೀಜ ತೆಗೆದ 24 ಗಂಡು ಹಂದಿಗಳು. ಎಲ್ಲಕ್ಕೂ ಜೋಳ, ಸೋಯಾ ಆಹಾರ. ಅರ್ಧಕ್ಕೆ ಅದರಲ್ಲಿ ಶೇ. 1ರಷ್ಟು ಆರ್ಜಿನಿನ್. 60 ದಿನ.

ಉಳಿದರ್ಧಕ್ಕೆ ಏನೂ ಬೆರೆಸದೆ ಕೊಟ್ಟರೆ ಸಾಕಿತ್ತಲ್ಲ? ಸಾಲದು. ಆರ್ಜಿನಿನ್ ಕೊಟ್ಟರೆ ಜೊತೆಯಲ್ಲಿ ಒಂದಷ್ಟು ಸಾರಜನಕವೂ ಹೊಟ್ಟೆಗೆ ಹೋಗುತ್ತದೆ. ಫಲ ಬಂದರೆ ಅದು ಆರ್ಜಿನಿನ್‌ನದೋ, ಬರೀ ಸಾರಜನಕದ್ದೋ ಗೊತ್ತಾಗುವುದಿಲ್ಲ. ಹಾಗಾಗಿ ಇನ್ನರ್ಧಕ್ಕೆ ಅಲನಿನ್ ಎಂಬ ಸಾಧಾರಣ ಅಮೈನೋ ಆಮ್ಲವನ್ನು ಶೇ. 2.05ರಷ್ಟು ಬೆರೆಸಿದರು. ಈ ಚಿಲ್ಲರೆ ಅಂಕಿ ಸುಮ್ನೆ ಬಂದದ್ದಲ್ಲ. ಆರ್ಜಿನಿನ್‌ನ ಒಂದು ಅಣುವಿನಲ್ಲಿ ನಾಲ್ಕು ಸಾರಜನಕ, ಅಲನಿನ್‌ನಲ್ಲಿ ಒಂದೇ. ತೂಕ ಹಾಕಿ ಲೆಕ್ಕ ಮಾಡಿದರೆ ಶೇ. 1 ಆರ್ಜಿನಿನ್‌ಗೆ ಸಮನಾಗುವುದು ಸರಿಯಾಗಿ ಶೇ. 2.05 ಅಲನಿನ್.

ಎರಡು ತಿಂಗಳ ಮೇಲೆ ಆರ್ಜಿನಿನ್ ಗುಂಪಿನ ರಕ್ತದಲ್ಲಿ ಟ್ರೈಗ್ಲಿಸರೈಡ್ ಶೇ. 20 ಕಡಿಮೆ ಇತ್ತು. ಮೈಯ ಕೊಬ್ಬು ಶೇ. 11 ಕಡಿಮೆ, ಸ್ನಾಯು ಶೇ. 5.5 ಜಾಸ್ತಿ. ಇಲ್ಲಿ ಗಮನಿಸಬೇಕಾದದ್ದು ಶೇ. 20ರ ಅಂಕಿಯನ್ನಲ್ಲ, ಮೂರೂ ಅಂಕಿಗಳು ಒಟ್ಟಿಗೆ ಇರುವುದನ್ನು. ರಸ್ತೆಯನ್ನೂ ನೋಡಿದ್ದಾರೆ, ಗೋದಾಮನ್ನೂ ನೋಡಿದ್ದಾರೆ.

ರಸ್ತೆ ಖಾಲಿ ಇದ್ದರೆ ಗೋದಾಮೂ ಖಾಲಿಯೇ?

ಹಾಗೇನಿಲ್ಲ. ರಕ್ತದಲ್ಲಿ ಟ್ರೈಗ್ಲಿಸರೈಡ್ ಇಳಿಯಲು ಎರಡು ಕಾರಣ ಇರಬಹುದು. ಸ್ನಾಯುಗಳು ಅದನ್ನು ಉರಿಸಿರಬಹುದು. ಇಲ್ಲವೇ ಕೊಬ್ಬಿನ ಪದರ ಇನ್ನೂ ಚುರುಕಾಗಿ ಎಳೆದು ಒಳಗಿಟ್ಟುಕೊಂಡಿರಬಹುದು. ನಳಿಕೆಯಲ್ಲಿ ಕಾಣುವ ಅಂಕಿ ಎರಡರಲ್ಲೂ ಒಂದೇ!

ಇದಕ್ಕೆ ಒಳ್ಳೆಯ ಉದಾಹರಣೆ ಸಿಎಲ್ಎ, ಅಂದರೆ ಕಾಂಜುಗೇಟೆಡ್ ಲಿನೋಲಿಕ್ ಆಸಿಡ್. ಇದು ಲಿನೋಲಿಕ್ ಎಂಬ ಸಾಧಾರಣ ಕೊಬ್ಬಿನಾಮ್ಲದ ದಾಯಾದಿ. ಅವೇ ಪರಮಾಣುಗಳು, ಒಂದೆರಡು ಕೊಂಡಿಗಳ ಜಾಗ ಮಾತ್ರ ಬೇರೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಬ್ಯಾಕ್ಟೀರಿಯಾಗಳು ಇದನ್ನು ಮಾಡುತ್ತವೆ, ಹಾಗಾಗಿ ಹಾಲಿನಲ್ಲಿ ಇರುತ್ತದೆ. ಹಂದಿಗೆ ಕೊಟ್ಟಾಗ ಬೆನ್ನಿನ ಕೊಬ್ಬು ಇಳಿದದ್ದು ಹಲವು ಸಲ ಕಂಡಿದೆ. ಆದರೆ ಕೆಲವು ಪ್ರಯೋಗಗಳಲ್ಲಿ ಎಚ್‌ಡಿಎಲ್‌ಗೆ ಹೋಲಿಸಿದರೆ ಎಲ್‌ಡಿಎಲ್ ಪ್ರಮಾಣ ಏರಿದೆ. ಹೊರಗೆ ಹಂದಿ ತೆಳ್ಳಗಾಯಿತು, ರಕ್ತದ ವರದಿ ಕೆಟ್ಟಿತು. ಬೆನ್ನಿನ ಕೊಬ್ಬು ಅಳೆಯುವವನಿಗೆ ಖುಷಿ, ರಕ್ತ ನೋಡುವವನಿಗೆ ಚಿಂತೆ.

ಸಿಎಲ್ಎ ಕೊಬ್ಬನ್ನು ಗಟ್ಟಿಯೂ ಮಾಡುತ್ತದೆ. ಹಂದಿಯ ದೇಹ ಗಟ್ಟಿ ಸ್ಟಿಯರಿಕ್ ಆಮ್ಲವನ್ನು ಮೆದುವಾದ ಓಲಿಯಿಕ್ ಆಮ್ಲವಾಗಿ ಬದಲಿಸುತ್ತಿರುತ್ತದೆ. ಸಿಎಲ್ಎ ಆ ಕೆಲಸ ಮಾಡುವ ಕಿಣ್ವಕ್ಕೆ ತಡೆ ಹಾಕುತ್ತದೆ. ಸ್ಟಿಯರಿಕ್ ಕರಗಲು ಸುಮಾರು 69 ಡಿಗ್ರಿ ಸೆಲ್ಸಿಯಸ್ ಬೇಕು. ಓಲಿಯಿಕ್‌ಗೆ 13-14 ಸಾಕು.

ಮೀನೆಣ್ಣೆ, ಅಗಸೆ ಎಣ್ಣೆಯಲ್ಲಿ ಉಲ್ಟಾ. ಇವುಗಳಲ್ಲಿರುವ ಒಮೆಗಾ-3ಗಳು ಚಳಿಯಲ್ಲೂ ಗಟ್ಟಿಯಾಗುವುದಿಲ್ಲ. ಮೀನೆಣ್ಣೆಯವು ಲಿವರ್ ಹೊರಡಿಸುವ ಟ್ರೈಗ್ಲಿಸರೈಡ್ ಲಾರಿಗಳನ್ನು ಕಡಿಮೆ ಮಾಡುತ್ತವೆ. ಆದರೆ ಹಂದಿ ತಿಂದ ಎಣ್ಣೆಯನ್ನು ಹೆಚ್ಚು ಬದಲಿಸದೆ ಹಾಗೇ ಮೈಯಲ್ಲಿ ಇಟ್ಟುಕೊಳ್ಳುವ ಪ್ರಾಣಿ. ಅಗಸೆ ತಿನ್ನಿಸಿದರೆ ಕೊಬ್ಬು ಮೆತ್ತಗಾಗಿ ಕತ್ತಿಗೆ ಜಾರುತ್ತದೆ. ಮೀನೆಣ್ಣೆ ಮಿತಿ ಮೀರಿದರೆ ಮಾಂಸಕ್ಕೆ ಮೀನಿನ ವಾಸನೆ. ಈ ಎಣ್ಣೆಗಳು ಬೇಗ ಕಮಟುವುದರಿಂದ ಜೊತೆಗೆ ವಿಟಮಿನ್ ಇ ಬೆರೆಸುವುದು ವಾಡಿಕೆ.

ಒಂದೇ ಪುಡಿ, ಬೇರೆ ಬೇರೆ ಫಲ

ಯಾಕೆ ಹೀಗೆ? ಮೊದಲನೇ ಕಾರಣ ಕೊರತೆ. ಆಹಾರದಲ್ಲಿ ಇಲ್ಲದ್ದನ್ನು ಕೊಟ್ಟರೆ ಫಲ ಕಾಣುತ್ತದೆ, ಇರುವುದನ್ನೇ ಮತ್ತೆ ಕೊಟ್ಟರೆ ಕಾಣುವುದಿಲ್ಲ. ಎರಡನೆಯದು ಆರಂಭದ ಅಂಕಿ. ಕೊಲೆಸ್ಟ್ರಾಲ್ ತಿನ್ನಿಸಿ ಏರಿಸಿದ ಹಂದಿಯಲ್ಲಿ ಇಳಿಸಲು ಜಾಗ ಇದೆ. ಸಹಜ ಆಹಾರ ತಿನ್ನುವ ಹಂದಿಯಲ್ಲಿ ಇಳಿಯುವುದಕ್ಕೇ ಏನಿದೆ? ವಯಸ್ಸು, ತಳಿ, ಬೀಜ ತೆಗೆದಿದೆಯೋ ಇಲ್ಲವೋ, ಇವೂ ಲೆಕ್ಕಕ್ಕೆ ಬರುತ್ತವೆ.

ಇನ್ನೊಂದು ಕಾರಣ ಯಾವ ಪ್ಯಾಕೆಟ್ಟಿನ ಮೇಲೂ ಬರೆದಿರುವುದಿಲ್ಲ. ದೊಡ್ಡ ಹಂದಿಯ ರಕ್ತ ತೆಗೆಯಬೇಕಾದರೆ ಮೇಲ್ದವಡೆಗೆ ಕುಣಿಕೆ ಹಾಕಿ ಹಿಡಿಯುತ್ತಾರೆ. ಅದು ನಾಲ್ಕೂ ಕಾಲು ಊರಿ ಹಿಂದಕ್ಕೆ ಜಗ್ಗುತ್ತದೆ. 100 ಡೆಸಿಬೆಲ್ ದಾಟಿ ಕಿರುಚುತ್ತದೆ. ಪಕ್ಕದಲ್ಲಿದ್ದವರು ಕಿವಿ ಮುಚ್ಚಿಕೊಳ್ಳಬೇಕು. ಆ ಗಾಬರಿಯಲ್ಲಿ ಅಡ್ರಿನಲಿನ್ ಏರಿ, ಗೋದಾಮಿನ ಬಾಗಿಲು ತೆರೆದು, ಕೊಬ್ಬಿನಾಮ್ಲಗಳು ರಕ್ತಕ್ಕೆ ಸುರಿಯುತ್ತವೆ. ಆಗ ಅಳೆದದ್ದು ಪೂರಕದ ಪ್ರಭಾವವನ್ನೋ, ಕುಣಿಕೆಯ ಪ್ರಭಾವವನ್ನೋ? ಅದಕ್ಕೇ ಎಚ್ಚರಿಕೆಯ ಪ್ರಯೋಗಗಳಲ್ಲಿ ಮೊದಲೇ ರಕ್ತನಾಳಕ್ಕೆ ತೆಳು ಕೊಳವೆ ಕೂರಿಸಿ, ಹಂದಿ ನಿರಾಳವಾಗಿ ಮಲಗಿರುವಾಗ ರಕ್ತ ತೆಗೆಯುತ್ತಾರೆ. ಕೊಬ್ಬಿನ ಪದರ ಅಳೆಯುವುದು ಇನ್ನೂ ಸುಲಭ. ಕೊನೆಯ ಪಕ್ಕೆಲುಬಿನ ಹತ್ತಿರ, ಬೆನ್ನಿನ ನಡುಗೆರೆಯಿಂದ ಆರೂವರೆ ಸೆಂಟಿಮೀಟರ್ ಪಕ್ಕಕ್ಕೆ, ಅಲ್ಟ್ರಾಸೌಂಡ್ ಉಪಕರಣ ಇಟ್ಟರೆ ಆಯಿತು.

ಒಂದು ಟನ್ನಿನಲ್ಲಿ ಒಂದೂವರೆ ಗ್ರಾಂ

ಕೊನೆಯದಾಗಿ ಪ್ರಮಾಣದ ಮಾತು. ಅಮೆರಿಕದಲ್ಲಿ 1996ರಿಂದ ಹಂದಿ ಆಹಾರಕ್ಕೆ ಕ್ರೋಮಿಯಂ ಪಿಕೊಲಿನೇಟ್ ಬೆರೆಸಲು ಅನುಮತಿ ಇದೆ. ಮಿತಿ, 100 ಕೋಟಿ ಪಾಲಿನಲ್ಲಿ 200 ಪಾಲು ಕ್ರೋಮಿಯಂ. ಅಂದರೆ ಒಂದು ಟನ್ ಆಹಾರಕ್ಕೆ 200 ಮಿಲಿಗ್ರಾಂ. ಆ ಪುಡಿಯಲ್ಲಿ ಕ್ರೋಮಿಯಂ ಇರುವುದು ಶೇ. 12ರಷ್ಟು ಮಾತ್ರ. ಹಾಗಾಗಿ ಪುಡಿ ಬೇಕಾಗುವುದು ಸುಮಾರು 1.6 ಗ್ರಾಂ. ಎರಡು ಬೆರಳಲ್ಲಿ ಹಿಡಿಯುವ ಒಂದೆರಡು ಚಿಟಿಕೆ.

ಅದನ್ನು ನೇರವಾಗಿ ಟನ್ನಿನ ರಾಶಿಗೆ ಎಸೆದರೆ ಏನಾಗುತ್ತದೆ? ಒಂದು ಹಂದಿಗೆ ಹತ್ತು ಹಂದಿಯ ಪಾಲು, ಉಳಿದವಕ್ಕೆ ಬರೀ ಜೋಳ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಬೆರೆಸುತ್ತಾರೆ. ಕೆಂಪು ಪುಡಿಯನ್ನು ಮೊದಲು ಒಂದು ಹಿಡಿ ನುಣ್ಣನೆಯ ಹಿಟ್ಟಿಗೆ ಹಾಕಿ ಬಣ್ಣ ಒಂದೇ ಸಮ ಆಗುವ ತನಕ ಕಲಸುತ್ತಾರೆ. ಅದನ್ನು ಒಂದು ಕಿಲೋಗೆ. ಆ ಕಿಲೋವನ್ನು ಹತ್ತಕ್ಕೆ, ಹತ್ತನ್ನು ನೂರಕ್ಕೆ, ಆಮೇಲೆ ಟನ್ನಿಗೆ. ಅಷ್ಟರಲ್ಲಿ ಕೆಂಪು ಎಲ್ಲೂ ಕಾಣುವುದಿಲ್ಲ. ದಿನಕ್ಕೆ ಮೂರು ಕಿಲೋ ತಿನ್ನುವ ಹಂದಿಯ ಬಾಯಿಗೆ ಅದರಲ್ಲಿ ಸೇರುವ ಕ್ರೋಮಿಯಂ 0.6 ಮಿಲಿಗ್ರಾಂ.